ನಮ್ಮ ಮನೆಯ ಬಾಯಿಕಟ್ಟು

ಹಗ್ಗಕ್ಕೆ ಗಂಟು ಹಾಕಿದರೆ ಕಾಡಿನಲ್ಲಿರುವ ಹುಲಿಯ ಬಾಯಿ ಕಟ್ಟುತ್ತದೆ ಎಂಬುದು ಎಂದಿಗೂ ಆಗದ ಮಾತು ಎಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವಳು ನಾನೇ. ಅಪ್ಪನ ಎದುರಿಗೇ ಹೇಳಿದ್ದೆ. ಆತ ಸಿಟ್ಟಾಗಲಿಲ್ಲ, ನಕ್ಕು ಬೀಡಿ ಹಚ್ಚಿದ. ಇದನ್ನು ಬರೆಯುವಾಗಲೂ ನಾನು ಅದನ್ನು ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ದಾಂಡೇಲಿಗೂ ಹಳಿಯಾಳಕ್ಕೂ ನಡುವೆ ಕಾಡಿಗೆ ಅಂಟಿಕೊಂಡ ಕೆಲವೇ ಮನೆಗಳ ಊರು ನಮ್ಮದು. ಮೇಯಲು ಹೋದ ದನ ಸಂಜೆಗೆ ಬಾರದಿದ್ದರೆ ಸುತ್ತಲಿನವರು ನಮ್ಮ ಮನೆಗೆ ಬರುತ್ತಿದ್ದರು. ಬರುವಾಗ ಆ ದನವನ್ನು ಕಟ್ಟುವ ಹಗ್ಗ ತರಬೇಕು. ಅಪ್ಪ ಅದಕ್ಕೊಂದು ಗಂಟು ಹಾಕಿ ನಮ್ಮ ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಿದ್ದ. ಗಂಟು ಇರುವತನಕ ಯಾವ ಮೃಗವೂ ಆ ದನಕ್ಕೆ ಬಾಯಿ ಹಾಕುವುದಿಲ್ಲವೆಂದು ನಂಬಿಕೆ. ಇದಕ್ಕೆ ಬಾಯಿಕಟ್ಟು ಎನ್ನುತ್ತಿದ್ದರು. ಬೆಳಗಾದ ಮೇಲೆ ಗಂಟನ್ನು ಬಿಚ್ಚಲೇಬೇಕು. ಮೃಗವಾದರೂ ಎಷ್ಟು ಹೊತ್ತು ಉಪವಾಸ ಇದ್ದೀತು? ಆದರೆ ಕಟ್ಟಿದವರು ಬಿಚ್ಚುವಂತಿಲ್ಲ, ಅವರ ಒಡಹುಟ್ಟಿದವರೇ ಬಿಚ್ಚಬೇಕು. ಅಪ್ಪ ಕಟ್ಟಿದ್ದನ್ನು ಸೋದರತ್ತೆ ಬಿಚ್ಚುತ್ತಿದ್ದಳು. ಅವರಿಬ್ಬರೂ ಹೋದ ಮೇಲೆ ಉಳಿದದ್ದು ಅಣ್ಣ ಮತ್ತು ನಾನು.

ನಮ್ಮಿಬ್ಬರಲ್ಲಿ ಮಾತು ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮುಂಡಗೋಡದ ಕಡೆ, ಸನವಳ್ಳಿಯಲ್ಲಿ ನನಗೆ ಗಂಡು ಗೊತ್ತು ಮಾಡಿ ಬಂದಿದ್ದ. ನಾನಾಗ ಬಿ.ಎ. ಓದುತ್ತಿದ್ದೆ. ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ರಸ್ತೆಗೆ ಮುಟ್ಟಿಸಿ ಅಲ್ಲಿಂದಲೇ ಹಳಿಯಾಳದ ಬಸ್ಸು ಹತ್ತುತ್ತಿದ್ದೆ. ಸೆಗಣಿ ವಾಸನೆಗೆ ಪಕ್ಕದವರು ಸರಿದು ಕೂತರೂ ಪುಸ್ತಕ ಮುಚ್ಚಿದವಳಲ್ಲ. ನಮ್ಮ ಮನೆತನದಲ್ಲಿ ಅದುವರೆಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ಮದುವೆ ಒಲ್ಲೆ ಎಂದೆ. ಕೊಟ್ಟ ಮಾತು ಹೋಯಿತು, ಹಿರಿಯರ ಮುಂದೆ ತಲೆ ತಗ್ಗಿಸುವಂತಾಯಿತು ಎಂದು ಅಣ್ಣ ಹೆಂಡತಿಯನ್ನು ಕರೆದುಕೊಂಡು ದಾಂಡೇಲಿಗೆ ಹೋಗಿ ಗ್ಯಾರೇಜು ಸೇರಿದ. ಅವ್ವನಿಗೆ ಫೋನು ಮಾಡುತ್ತಿದ್ದ, ನಾನು ಎತ್ತಿದರೆ ಇಟ್ಟುಬಿಡುತ್ತಿದ್ದ.

ಕಟ್ಟಿದರೆ ಬಿಚ್ಚುವವರಿಲ್ಲದೆ, ಹಗ್ಗ ಹಿಡಿದು ಬಂದವರನ್ನು ಅವ್ವ ಹಾಗೆಯೇ ವಾಪಸು ಕಳಿಸಬೇಕಾಯಿತು. ಬರಬರುತ್ತ ಬರುವವರೇ ಕಡಿಮೆಯಾದರು. ಮನೆಗೆ ಬಂದಿದ್ದ ಗುಣ ಕಣ್ಣೆದುರಿಗೇ ಹೋಗುತ್ತಿದೆ ಎಂದು ಆಕೆ ಕೊರಗುತ್ತಿದ್ದಳು. ಹೋದರೆ ಹೋಗಲಿ ಎಂದು ನನಗನಿಸುತ್ತಿತ್ತು.

ನಾನು ಪಾಸಾಗಿ ಮನೆಯಲ್ಲಿದ್ದ ದಿನಗಳವು. ಒಂದು ಸಂಜೆ ಅವ್ವ ಹಿತ್ತಲಲ್ಲಿದ್ದಾಗ ಪಕ್ಕದ ಮನೆಯ ಯಲ್ಲವ್ವ ಕಾಕು ಓಡಿ ಬಂದಳು. ಗಂಡನಿಲ್ಲದ ಆಕೆಗೆ ಇದ್ದದ್ದೇ ಒಂದು ಎಮ್ಮೆ, ಅದೂ ಗಬ್ಬವಾಗಿತ್ತು. ಅದು ಕಾಡಿನಿಂದ ತಿರುಗಿ ಬಂದಿರಲಿಲ್ಲ. ಹಳ್ಳದ ದಂಡೆಯಲ್ಲಿ ಹುಲಿಯ ಹೆಜ್ಜೆ ಕಂಡಿದ್ದವು. ಗಾಬರಿಯಲ್ಲಿ ಆಕೆ ಹಗ್ಗ ತರುವುದನ್ನೇ ಮರೆತಿದ್ದಳು.

“ಓದಿದಾಕಿ, ನೀ ನಂಬಬ್ಯಾಡ. ನನ್ನ ಸಮಾಧಾನಕ್ಕರ ಒಂದ್ ಗಂಟ ಹಾಕವಾ,” ಎಂದಳು.

ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಗೂಟದಲ್ಲಿದ್ದ ನಮ್ಮದೇ ಹಗ್ಗ ತೆಗೆದು, ಅಪ್ಪ ಹಾಕುತ್ತಿದ್ದ ಹಾಗೆ ಗಂಟು ಹಾಕಿ ನೇತುಹಾಕಿದೆ. ಸಮಾಧಾನಕ್ಕೆ ಯಾವ ಹಗ್ಗವಾದರೇನು ಎಂದುಕೊಂಡೆ.

ಊಟಕ್ಕೆ ಕೂತೆವು. ರೊಟ್ಟಿ ಬಾಯಿಗಿಟ್ಟರೆ ದವಡೆ ಆಡಲಿಲ್ಲ. ನೋವಿಲ್ಲ, ಜ್ವರವಿಲ್ಲ. ಮಾತು ಬರುತ್ತಿತ್ತು, ಅಗಿಯಲು ಮಾತ್ರ ಆಗದು. ನೋಡಿದರೆ ಅವ್ವನೂ ತಾಟು ಸರಿಸಿ ಕೂತಿದ್ದಳು. ನಾಯಿ ತನ್ನ ಪಾಲಿನ ರೊಟ್ಟಿಯನ್ನು ಮೂಸಿ ದೂರ ಹೋಗಿ ಮಲಗಿತು. ಅದೂ ಹೋಗಲಿ, ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ್ದ ನಮ್ಮ ಕರು ಕೆಚ್ಚಲಿಗೆ ಬಾಯಿ ಹಚ್ಚಲಿಲ್ಲ. ಬೆರಳಿಗೆ ಹಾಲು ಸವರಿ ತುಟಿಗೆ ಹಿಡಿದರೂ ಬಾಯಿ ತೆರೆಯಲಿಲ್ಲ. ಅವ್ವ ಟಾರ್ಚಿನ ಬೆಳಕು ಬಿಟ್ಟು ಗೂಟದತ್ತ ನೋಡಿ, ಯಾರ ಹಗ್ಗವೆಂದು ಕೇಳಿದಳು. ಹೇಳಿದೆ.

“ಕಾಡಿಗೆ ಹೋದ ದನದ ಹಗ್ಗ ಕಾಡಿನ ಬಾಯಿ ಕಟ್ಟತೈತಿ. ಇದು ಮನಿ ಹಗ್ಗ, ನಮ್ಮ ಮನಿ ಬಾಯಿನ ಕಟ್ಟೀಯಲ್ಲ,” ಎಂದಳು.

ಆಕೆ ಬೇಡವೆಂದರೂ ಕೇಳದೆ ನಾನು ಬಿಚ್ಚಲು ಹೋದೆ. ಚಿಕ್ಕಂದಿನಿಂದ ದನ ಕಟ್ಟಿ ಬಿಚ್ಚಿದ ಕೈ ನನ್ನದು. ಉಗುರು ಮುರಿಯಿತೇ ಹೊರತು ಗಂಟು ಸಡಿಲಾಗಲಿಲ್ಲ. ಕುಡುಗೋಲು ತಂದರೆ ಅವ್ವ ಕೈ ಹಿಡಿದಳು. ಕೊಯ್ದರೆ ಕಟ್ಟು ಹಾಗೆಯೇ ಉಳಿದುಬಿಡುತ್ತದಂತೆ. ಬೆಳಕು ಹರಿಯುವ ಹೊತ್ತಿಗೆ ಕರು ಕತ್ತನ್ನು ನೆಲಕ್ಕೆ ಚೆಲ್ಲಿತ್ತು. ಆಗ ಅಣ್ಣನಿಗೆ ಫೋನು ಹಚ್ಚಿದೆ.

“ಇಡಬ್ಯಾಡಣ್ಣಾ. ತಪ್ಪು ಹಗ್ಗಕ್ಕ ಗಂಟ ಹಾಕೇನಿ. ಕರು ಹಾಲ ಕುಡೀವಲ್ದು.”

ಈ ಸಲ ಅವನು ಫೋನು ಇಡಲಿಲ್ಲ. “ಬಿ.ಎ. ಪಾಸಾದಾಕಿಗೆ ಹಗ್ಗದ ಗುರುತ ಸಿಗಲಿಲ್ಲೇನು?” ಎಂದ. ನಾನು ಪಾಸಾದದ್ದು ಅವನಿಗೆ ತಿಳಿದಿತ್ತು. “ಬರ್ತೇನಿ. ಯಾರೂ ಮುಟ್ಟಬ್ಯಾಡ್ರಿ.”

ಗ್ಯಾರೇಜಿನ ಅಂಗಿಯಲ್ಲೇ ಬೈಕು ಹತ್ತಿ ಬಂದ. ನನ್ನ ಮುಖ ನೋಡದೆ ನೇರವಾಗಿ ಕೊಟ್ಟಿಗೆಗೆ ಹೋಗಿ, ಬೆರಳ ತುದಿಯಿಂದ ಹಗ್ಗವನ್ನು ಸ್ವಲ್ಪ ಎಳೆದ. ಗಂಟೇ ಇರಲಿಲ್ಲವೆಂಬಂತೆ ಬಿಚ್ಚಿಕೊಂಡಿತು. ಅವನು ಹಗ್ಗ ಕೆಳಗಿಡುವ ಮುಂಚೆಯೇ ಕರು ತಡವರಿಸುತ್ತ ಎದ್ದು ಕೆಚ್ಚಲಿಗೆ ಗುದ್ದಿತು. ನಾನು ಒಳಗೆ ಹೋಗಿ ಹಿಂದಿನ ದಿನದ ತಣ್ಣನೆಯ ರೊಟ್ಟಿಯನ್ನು ನಿಂತಲ್ಲೇ ತಿಂದೆ.

ಯಲ್ಲವ್ವನ ಎಮ್ಮೆ ಇನ್ನೂ ಬಂದಿರಲಿಲ್ಲ. ಅಣ್ಣ ಅದರ ಹಗ್ಗ ತರಿಸಿ, ಈ ಸಲ ತಾನೇ ಗಂಟು ಹಾಕಿದ. ಎಲ್ಲರೂ ಹಳ್ಳ ಹಿಡಿದು ಹುಡುಕುತ್ತ ಹೋದೆವು. ಬಿದಿರುಮೆಳೆಯ ಮರೆಯಲ್ಲಿ ಎಮ್ಮೆ ನಿಂತಿತ್ತು. ಕರು ಹಾಕಿತ್ತು. ಕೆಸರಿನಲ್ಲಿ ಅದರ ಸುತ್ತಲೂ ಹುಲಿಯ ಹೆಜ್ಜೆಗಳಿದ್ದವು. ಕೂಗಳತೆ ದೂರವೂ ಇಲ್ಲ, ಒಂದೆಡೆ ದೊಡ್ಡದೇನೋ ಬಹಳ ಹೊತ್ತು ಮಲಗಿ ಎದ್ದಂತೆ ಹುಲ್ಲು ಒತ್ತಿಕೊಂಡಿತ್ತು. ತಾಯಿಗಾಗಲಿ ಕರುವಿಗಾಗಲಿ ಒಂದು ಗೀರೂ ಆಗಿರಲಿಲ್ಲ. ಮನೆಗೆ ಬಂದು ಅಣ್ಣನ ಗಂಟನ್ನು ನಾನು ಬಿಚ್ಚಿದೆ. ಸುಲಭವಾಗಿ ಬಂತು.

ನಾನು ಓದಿದವಳು, ಕಾರಣ ಹುಡುಕಿದ್ದೇನೆ. ಹೊಸ ಕರು ಕೆಲವೊಮ್ಮೆ ಹಾಲು ಕುಡಿಯುವುದಿಲ್ಲ. ತೇವದ ಹಗ್ಗ ಬಿಗಿಯುತ್ತದೆ, ಒಣಗಿದರೆ ಸಡಿಲಾಗುತ್ತದೆ. ಹೆದರಿದವರಿಗೆ ಊಟ ಸೇರುವುದಿಲ್ಲ. ನಾಯಿ ಬೇರೆಲ್ಲೋ ತಿಂದಿರಬೇಕು. ಒಂದೊಂದಕ್ಕೂ ಉತ್ತರವಿದೆ, ಎಲ್ಲ ಕೂಡಿ ಒಂದೇ ಸಂಜೆ ಬಂದದ್ದಕ್ಕೆ ಇಲ್ಲ. ಇನ್ನೂ ತಿಳಿಯದ್ದೆಂದರೆ ಆ ಹುಲಿ. ನನ್ನ ಗಂಟು ಬೇರೆ ಹಗ್ಗದ್ದು, ಅಣ್ಣ ಸರಿಯಾದ ಹಗ್ಗಕ್ಕೆ ಗಂಟು ಹಾಕಿದ್ದು ಬೆಳಿಗ್ಗೆ. ಹಾಗಾದರೆ ಅಷ್ಟು ಹೊತ್ತೂ ಅದನ್ನು ಹಸಿವಿನಲ್ಲೇ ಮಲಗಿಸಿದ್ದು ಯಾವುದು?

ಮುಂದೆ ಪದವಿ ಪತ್ರ ತರಲು ಹಳಿಯಾಳಕ್ಕೆ ಅವನೇ ಬೈಕಿನಲ್ಲಿ ಕರೆದುಕೊಂಡು ಹೋದ. ಗುಮಾಸ್ತರು ಕೊಟ್ಟದ್ದನ್ನು ನಾನು ಅವನ ಕೈಗಿಟ್ಟೆ. ಅವನು ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದು, ನನ್ನ ಹೆಸರನ್ನೂ ಅಪ್ಪನ ಹೆಸರನ್ನೂ ನಿಧಾನವಾಗಿ ಓದಿದ. ಸನವಳ್ಳಿಯ ಮದುವೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

“ಛಲೋ ಆತು,” ಎಂದ. “ಇನ್ಮ್ಯಾಲೆ ಯಾರರ ಹಗ್ಗ ತಂದ್ರ ಹೊಳ್ಳಿ ಕಳಸಬ್ಯಾಡ. ನೀ ಕಟ್ಟು. ಬಿಚ್ಚಾಕ ನಾ ಬರ್ತೇನಿ.”