ನೋಡಿ ಬರೆದದ್ದು

ನಮ್ಮ ನರ್ಸರಿ ಇರುವುದು ಹೆಸರಘಟ್ಟದ ರಸ್ತೆಯ ಪಕ್ಕ. ಗುಲಾಬಿ, ದಾಸವಾಳ, ಮಲ್ಲಿಗೆ, ಸಂಪಿಗೆ, ಜೊತೆಗೆ ಒಂದಷ್ಟು ಹಣ್ಣಿನ ಗಿಡಗಳು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಕಸಿ ಕಟ್ಟುವ ಚಾಕು ಹಿಡಿದುಕೊಂಡೇ. ಹೂ ಬಿಡದ ಗಿಡವನ್ನು ಹೂವಿನ ಹೆಸರು ಹೇಳಿ ಮಾರುವುದು ನಮ್ಮ ಕಸುಬು. ಕೈಗೆ ಕೊಡುವಾಗ ಅದು ನಾಲ್ಕು ಎಲೆಯ ಕಡ್ಡಿ. ಕೆಂಪೋ ಹಳದಿಯೋ ಎಂದು ಕೊಂಡವರಿಗೆ ಗೊತ್ತಾಗುವುದು ತಿಂಗಳುಗಳ ಮೇಲೆ. ಅದಕ್ಕೇ ಕಸಿ ಕಟ್ಟಿದ ದಿನವೇ ಗಿಡದ ಕೊರಳಿಗೆ ಹೂವಿನ ಬಣ್ಣದ ನೂಲು ಸುತ್ತುತ್ತೇನೆ. ನಾನು ಕೆಂಪು ನೂಲು ಸುತ್ತಿದ ಗಿಡ ಇವತ್ತಿನವರೆಗೆ ಬೇರೆ ಬಣ್ಣ ಬಿಟ್ಟದ್ದಿಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮಗಳು ಯಲಹಂಕದ ಕಾಲೇಜಿಗೆ ಸೇರಿದ ವರ್ಷ ನರ್ಸರಿಗೆ ಒಂದು ವೆಬ್‌ಸೈಟ್ ಮಾಡಿದಳು. ಗೇಟಿನ ಮುಂದೆ ನಾನೂ ನನ್ನ ಹೆಂಡತಿಯೂ ನಿಂತ ಫೋಟೋ, ಗಿಡಗಳ ಪಟ್ಟಿ, ಬರುವ ದಾರಿ. ಮೊದಮೊದಲು ನೆಂಟರು, ಗೊತ್ತಿದ್ದವರು ನೋಡಿದರು. ಒಂದು ಸಲ ನೋಡಿದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಒಂದೇ ಮದುವೆ ಆಲ್ಬಮ್ಮನ್ನ ಜನ ಎಷ್ಟು ಸಲ ನೋಡ್ತಾರೆ ಅಪ್ಪಾ?" ಎಂದಳು. "ದಿನಾ ಏನಾದ್ರೂ ಹೊಸದು ಇರ್ಬೇಕು. ಆಗ ನಾಳೆ ಏನಿರತ್ತೋ ಅಂತ ವಾಪಸ್ ಬರ್ತಾರೆ."

"ದಿನಾ ಹೊಸದು ನಾನೆಲ್ಲಿಂದ ತರ್ಲಿ?"

"ಬೆಳಗ್ಗೆ ಎದ್ದು ಗಿಡಗಳ ಹತ್ರ ಮಾತಾಡ್ತೀಯಲ್ಲಾ, ಅದನ್ನೇ ಬರಿ."

ಬರೆದೆ. ನೀರು ಹಾಯಿಸುತ್ತಾ ಒಂದು ಸುತ್ತು ಬಂದು, ಅವಳ ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಮೂರು ಸಾಲು. ಅವಳು ಕಾಲೇಜಿಗೆ ಹೊರಡುವ ಮೊದಲು ಒಂದು ಫೋಟೋ ತೆಗೆದು, ನನ್ನ ಸಾಲುಗಳನ್ನು ಟೈಪ್ ಮಾಡಿ ಹಾಕುತ್ತಿದ್ದಳು. 'ಬಿಳಿ ದಾಸವಾಳ ಎರಡು ಬಿಟ್ಟಿದೆ. ಒಂದು ಇರುವೆಗಳ ಪಾಲು.' 'ತೂಗುಕುಂಡದಲ್ಲಿ ಸೂರಕ್ಕಿ ಗೂಡು ಕಟ್ಟಿದೆ. ಆ ಕುಂಡ ಸದ್ಯಕ್ಕೆ ಮಾರಾಟಕ್ಕಿಲ್ಲ.' ಮೊದಲ ವಾರ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ಶಾಲೆ ಬಿಟ್ಟ ಮೇಲೆ ಸಹಿ ಮತ್ತು ಚೀಟಿ ಬಿಟ್ಟು ನಾನು ಬರೆದದ್ದು ಅದೇ ಮೊದಲು.

ಎರಡನೇ ವಾರ ನನ್ನ ಸಾಲುಗಳ ಕೆಳಗೆ ಒಂದು ಮಾತು ಬಂತು: 'ನೋಡಿದ್ವಿ.' ಮರುದಿನವೂ ಅದೇ. ಅದರ ಮರುದಿನವೂ. ಬೇರೆಯವರು ಬಂದರು, ಬೆಲೆ ಕೇಳಿದರು, ಹೋದರು. ಈ ಒಬ್ಬರು ಮಾತ್ರ ಏನೂ ಕೇಳದೆ ದಿನಾ ಬಂದು 'ನೋಡಿದ್ವಿ' ಎಂದು ಹಾಜರಿ ಹಾಕಿ ಹೋಗುತ್ತಿದ್ದರು. ಯಾರೆಂದು ಗೊತ್ತಿಲ್ಲ. ಆದರೆ ಕಾಫಿ ಕುಡಿಯುವ ಹೊತ್ತಿಗೆ ನಾನು ಮಗಳ ಫೋನಿನ ಸುತ್ತ ಸುಳಿದಾಡತೊಡಗಿದೆ.

"ಬಂತಾ?"

"ಬಂತು ಬಂತು. ನೀನೇನ್ ಅಪ್ಪಾ, ಪರೀಕ್ಷೆ ರಿಸಲ್ಟ್ ಕೇಳೋ ಹಂಗ್ ಕೇಳ್ತೀಯಾ!"

ಬೇಸಿಗೆಯಲ್ಲಿ ಹೆಂಡತಿಯ ಕಣ್ಣಿನ ಪೊರೆಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಸೋಮವಾರ ಆಸ್ಪತ್ರೆ, ಆಮೇಲೆ ಕೆಲವು ದಿನ ಓಡಾಟ. ದಿನದ ಬರಹ ತಪ್ಪುತ್ತದಲ್ಲ ಎಂದು ನಾನು ಒದ್ದಾಡುವುದನ್ನು ನೋಡಿ ಮಗಳು ಒಂದು ದಾರಿ ಹೇಳಿದಳು. ವಾರದ್ದನ್ನು ಒಟ್ಟಿಗೆ ಬರೆದಿಟ್ಟರೆ ಅದು ತಾನಾಗಿಯೇ ದಿನಕ್ಕೊಂದರಂತೆ ಹೋಗುತ್ತದಂತೆ. ಫೋಟೋಗಳು ಹೋದ ವರ್ಷದ್ದೇ ಇವೆ.

ಶನಿವಾರ ನೋಟ್‌ಬುಕ್ ಹಿಡಿದು ಸುತ್ತಿದೆ. ದೊಡ್ಡ ಡ್ರಮ್ಮಿನಲ್ಲಿದ್ದ ಕಸಿ ಸಂಪಿಗೆಯ ಒಂದು ಕೊಂಬೆಯಲ್ಲಿ ಮೂರು ಮೊಗ್ಗು ತುಂಬಿಕೊಂಡಿದ್ದವು. ಮೊಗ್ಗು ಮುಟ್ಟಿ ನೋಡಿದರೆ ಎಂದು ಬಿರಿಯುತ್ತದೆಂದು ನನಗೆ ಗೊತ್ತಾಗುತ್ತದೆ. ಮಂಗಳವಾರ, ಅನುಮಾನವೇ ಇಲ್ಲ. ಬರೆದೆ: 'ಇವತ್ತು ಬೆಳಿಗ್ಗೆ ಸಂಪಿಗೆ ಅರಳಿತು. ಗೇಟು ತೆಗೆಯುವ ಮೊದಲೇ ಘಮ ಬಂತು.' ಘಮದ ಮಾತು ಬರೆದಾಗ ನನಗೇ ಖುಷಿಯಾಗಿತ್ತು.

ಸೋಮವಾರ ಸಾಯಂಕಾಲ ಆಲಿಕಲ್ಲು ಬಿತ್ತು. ಮಂಗಳವಾರ ಮಧ್ಯಾಹ್ನ ಹೆಂಡತಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ನರ್ಸರಿಗೆ ಬಂದು ನೋಡಿದರೆ ನೆರಳುಬಲೆ ಹರಿದಿತ್ತು. ಸಂಪಿಗೆಯ ಆ ಕೊಂಬೆ ಬುಡದಲ್ಲೇ ಮುರಿದು, ಮೊಗ್ಗುಗಳು ಮಣ್ಣಿನಲ್ಲಿ ಕಪ್ಪಾಗಿ ಬಿದ್ದಿದ್ದವು. ಬರೆದಿಟ್ಟದ್ದು ನೆನಪಿಗೇ ಬರಲಿಲ್ಲ. ಒಡೆದ ಕುಂಡಗಳನ್ನು ಆಯುತ್ತಿದ್ದೆ.

ಗೇಟಿನಲ್ಲಿ ಆಟೋ ನಿಂತಿತು. ಕೋಲು ಊರಿಕೊಂಡು ಒಬ್ಬ ವಯಸ್ಸಾದ ಯಜಮಾನರು ಇಳಿದರು. ಹಿಂದೆ ಅವರ ಸೊಸೆ.

"ಎಲ್ಲಪ್ಪಾ ಸಂಪ್ಗೆ?" ಎಂದರು ಯಜಮಾನರು.

"ಮುರಿದೋಯ್ತು ಯಜಮಾನ್ರೇ, ನಿನ್ನೆ ಸಾಯಂಕಾಲ ಆಲಿಕಲ್ಲಿಗೆ."

ಅವರು ಸೊಸೆಯ ಮುಖ ನೋಡಿದರು. ಆಕೆ ಫೋನನ್ನು ನನ್ನ ಮುಂದೆ ಹಿಡಿದರು. ನನ್ನದೇ ಸಾಲು. ಗೇಟು ತೆಗೆಯುವ ಮೊದಲೇ ಘಮ ಬಂತು.

"ನಿನ್ನೆ ಮುರ್ದೋಗಿದ್ದು ಇವತ್ತು ಬೆಳಗ್ಗೆ ಎಂಗಪ್ಪಾ ಅರಳ್ತು?"

ನಾನು ಕೈಯಲ್ಲಿದ್ದ ಕುಂಡದ ಚೂರನ್ನು ಕೆಳಗಿಟ್ಟೆ.

"ನೋಡ್ಬುಟ್ಟು ಬರ್ದ್ಯೋ, ಸುಮ್ನೆ ಬರ್ದ್ಯೋ?"

"ಸುಮ್ನೆ ಬರ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಲುಬೆಂಚಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು. ಸೊಸೆಯೇ ಹೇಳಿದರು. ಹೆಬ್ಬಾಳದ ಹತ್ತಿರ ಇವರದು ಹಳೇ ಮನೆ, ಮುಂದೆ ಸಂಪಿಗೆ ಮರ. ಬಿಲ್ಡಿಂಗ್ ಕಟ್ಟುವಾಗ ಮರ ಕಡಿಸಬೇಕಾಯಿತು. ಮಾವನೇ ಹೂಂ ಎಂದದ್ದು. "ಆಮೇಲಿಂದ ಹಿಂಗೇ. ನೀವು ಬರೆಯೋದನ್ನ ದಿನಾ ಓದಿ ಹೇಳ್ಬೇಕು. ಓದೋವರ್ಗೂ ಕಾಫಿ ಲೋಟ ಮುಟ್ಟಲ್ಲ. ಓದಿದ ಮೇಲೆ, 'ನೋಡಿದ್ವಿ ಅಂತ ಬರಿಯಮ್ಮಾ, ಅವ್ನು ಕಾಯ್ತಾ ಇರ್ತಾನೆ' ಅಂತಾರೆ."

ನಾನು ಕಾಯುವುದು ಅವರಿಗೆ ಹೇಗೋ ಗೊತ್ತಿತ್ತು.

ಇದ್ದುದರಲ್ಲಿ ಚೆನ್ನಾಗಿದ್ದ ಸಂಪಿಗೆ ಸಸಿ ಎತ್ತಿ ತಂದು ಅವರ ಕಾಲ ಬಳಿ ಇಟ್ಟೆ. "ಇದನ್ನಾದ್ರೂ ತಗೊಂಡ್ ಹೋಗಿ."

"ಗಿಡ ಎಲ್ಲಿಡ್ಲಪ್ಪಾ, ಮೂರ್ನೇ ಮಾಡೀಲಿ? ಊವ ನೋಡಾಕ್ ಬಂದಿದ್ದೆ." ಎದ್ದು, ಕೋಲು ಊರಿಕೊಂಡು ಆಟೋದ ಕಡೆ ನಡೆದರು.

ಮನೆಯಲ್ಲಿ ಹೇಳಿದೆ. ಹೆಂಡತಿ ಕಟ್ಟಿದ ಕಣ್ಣಿನಲ್ಲೇ ನನ್ನ ಕಡೆ ತಿರುಗಿ, "ಕಣ್ಣಿಗೆ ಬಟ್ಟೆ ಕಟ್ಟಿರೋದು ನಂಗೆ. ನಿಮಗೇನಾಗಿತ್ತು?" ಎಂದಳು. ಮಗಳ ಮುಖ ಸಣ್ಣಗಾಯಿತು. "ತಪ್ಪು ನಂದು. ಬರೆದಿಡು ಅಂದಿದ್ದು ನಾನೇ. ಅಳಿಸಿಬಿಡ್ತೀನಿ ಅಪ್ಪಾ."

"ನೂಲು ಸುತ್ತಿದೋನು ನಾನು ಕಣಮ್ಮಾ. ಅಳಿಸ್ಬೇಡ. ಇನ್ನುಳಿದ ದಿನದ್ದು ತೆಗೆದುಹಾಕು. ಇದರ ಕೆಳಗೆ ಇನ್ನೊಂದು ಬರ್ಕೊಡ್ತೀನಿ."

ಬರೆದೆ: 'ಇವತ್ತು ಬೆಳಿಗ್ಗೆ ಬಂದದ್ದು ಸುಳ್ಳು. ಶನಿವಾರವೇ ಬರೆದಿಟ್ಟಿದ್ದೆ. ಆಲಿಕಲ್ಲಿಗೆ ಕೊಂಬೆ ಮುರಿದಿದೆ. ಇದನ್ನು ನಂಬಿ ಹಿರಿಯರೊಬ್ಬರು ಬಂದು ಬರಿಗೈಲಿ ವಾಪಸ್ ಹೋದರು. ಇನ್ನು ನೋಡದೆ ಬರೆಯುವುದಿಲ್ಲ.'

ಪರವಾಗಿಲ್ಲ ಅಣ್ಣಾ ಎಂದು ಹಲವರು ಬರೆದರು. ಮರುದಿನ ಮತ್ತಷ್ಟು ಜನ ಬಂದರೆಂದು ಮಗಳು ಬೆರಗಾದಳು. ಆ ಸಾಲುಗಳ ನಡುವೆ ನಾನು ಹುಡುಕಿದ ಒಂದು ಮಾತು ಮಾತ್ರ ಇರಲಿಲ್ಲ. ಅದರ ಮರುದಿನವೂ ಇಲ್ಲ. ಕಾಫಿ ಹೊತ್ತಿಗೆ ಕೇಳುವುದನ್ನು ಬಿಟ್ಟೆ. ಕೇಳದಿದ್ದರೂ ಮಗಳು ತಲೆ ಅಲ್ಲಾಡಿಸುತ್ತಿದ್ದಳು.

ಬರೆಯುವುದನ್ನು ಬಿಡಲಿಲ್ಲ. ನೆರಳುಬಲೆ ಹೊಲಿದದ್ದು, ಸೂರಕ್ಕಿಯ ಗೂಡು ಹೇಗೋ ಉಳಿದದ್ದು, ಮುರಿದ ಸಂಪಿಗೆಯ ಗಾಯಕ್ಕೆ ಸೆಗಣಿ ಮೆತ್ತಿದ್ದು. ಒಂದು ದಿನ ಎರಡು ಸುತ್ತು ಹೊಡೆದರೂ ಹೇಳುವಂಥದ್ದು ಕಾಣಲಿಲ್ಲ. 'ಇವತ್ತು ಏನೂ ಅರಳಿಲ್ಲ' ಎಂದಷ್ಟೇ ಬರೆದುಕೊಟ್ಟೆ.

"ಇದನ್ನ ನೋಡಕ್ಕೆ ಯಾರು ಬರ್ತಾರೆ ಅಪ್ಪಾ?"

"ನೋಡಿದ್ದೇ ಅಷ್ಟು. ಹಾಕು."

ಸಾಯಂಕಾಲ ಬಸ್ಸಿಳಿದವಳು ಗೇಟಿನಿಂದಲೇ ಕೂಗಿದಳು, "ಅಪ್ಪಾ, ಬಂತು!" ನಾನು ಗೊಬ್ಬರದ ಕೈಯಲ್ಲೇ ಫೋನು ಹಿಡಿದೆ. 'ಇವತ್ತು ಏನೂ ಅರಳಿಲ್ಲ.' ಅದರ ಕೆಳಗೆ, 'ನೋಡಿದ್ವಿ.' ಫೋನಿನ ತುಂಬ ನನ್ನ ಬೆರಳ ಗುರುತಾಯಿತು. ಅವಳು ಬೈಯಲಿಲ್ಲ.

ಆಮೇಲೆ ಸಂಪಿಗೆಯ ಇನ್ನೊಂದು ಕೊಂಬೆಯಲ್ಲಿ ಒಂದೇ ಒಂದು ಮೊಗ್ಗು ಕಂಡಿತು. ಅದರ ಸುದ್ದಿ ನಾನು ಬರೆಯಲಿಲ್ಲ. ಮಗಳ ಕೈಯಲ್ಲಿ 'ನೋಡಿದ್ವಿ'ಯ ಕೆಳಗೆ ಯಜಮಾನರ ಸೊಸೆಗೆ 'ನಮ್ಮ ಫೋನಿಗೆ ಒಂದು ಕರೆ ಮಾಡಿ' ಎಂದು ಬರೆಸಿ, ಅವರ ನಂಬರ್ ಇಟ್ಟುಕೊಂಡೆ. ದಿನಾ ಹೋಗಿ ನೋಡುತ್ತಿದ್ದೆ. ಇಂಥ ದಿನವೇ ಎಂದು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅದು ಬಿರಿಯಿತು. ಮಗಳು ಫೋಟೋ ತೆಗೆದು, "ಬೇಗ ಬರ್ಕೊಡಪ್ಪಾ, ಬಸ್ಸಿಗೆ ಹೊತ್ತಾಯ್ತು" ಎಂದಳು.

"ಮೊದ್ಲು ಹೆಬ್ಬಾಳಕ್ಕೆ ಫೋನ್ ಮಾಡು."

ಬಿಸಿಲೇರುವ ಮೊದಲೇ ಆಟೋ ಬಂತು. ಮಗಳು ಎರಡು ಬಸ್ಸು ಬಿಟ್ಟು ನಿಂತಿದ್ದಳು. ಯಜಮಾನರು ಕೋಲನ್ನು ಸೊಸೆಯ ಕೈಗೆ ಕೊಟ್ಟು, ಡ್ರಮ್ಮಿನ ಅಂಚು ಹಿಡಿದು ಬಗ್ಗಿ, ಹೂವಿನ ಹತ್ತಿರ ಮುಖ ತಂದು ಕಣ್ಣು ಮುಚ್ಚಿದರು. ನಾನು ಕತ್ತರಿ ತೆಗೆದೆ, ಅವರ ಕೈಗೆ ಕೊಡೋಣವೆಂದು.

"ಕೀಳ್ಬ್ಯಾಡ. ನೀನ್ ಬರ್ದ್ ಮ್ಯಾಲೆ ಇನ್ಯಾರಾದ್ರೂ ಬಂದ್ರೆ?"

ಕತ್ತರಿ ಜೇಬಿಗಿಟ್ಟೆ. ಅವರು ಬೆಂಚಿನ ಮೇಲೆ ಕೂತು, ನನ್ನ ನೋಟ್‌ಬುಕ್ಕಿನ ಕಡೆ ಗಲ್ಲ ತೋರಿಸಿದರು.

"ಊಂ, ಇವಾಗ ಬರಿ."