ಬೆನ್ನ ಮೇಲಿನ ಆಲೂಗಡ್ಡೆ

ಮಂಗಳವಾರ ಬೆಳಿಗ್ಗೆ ಆಸ್ಪತ್ರೆ ಗೇಟಿನ ಮುಂದೆ ನಾನು ಆಪಿ ಮಾರುತ್ತೇನೆ. ನೇರಳೆ ಜೋಳದ ಗಂಜಿ. ಬೆಟ್ಟದ ಮೇಲಿನ ನಮ್ಮ ಎಲ್ ಆಲ್ಟೋ ಊರಿನ ಚಳಿಗೆ ಅದು ಬೇಕೇ ಬೇಕು. ಗಣಿ ಮುಚ್ಚಿದಾಗ ಇಲ್ಲಿಗೆ ಬಂದವಳು ನಾನು. ರಸ್ತೆ ತಡೆ, ಉಪವಾಸ, ಲಾಠಿ ಎಲ್ಲ ಕಂಡಿದ್ದೇನೆ. ಆದರೆ ಈ ಗೇಟಿನ ಮುಂದೆ ನಿಲ್ಲುವಷ್ಟು ಹೆಂಗಸರು ತಲೆ ತಗ್ಗಿಸಿದ್ದನ್ನು ಯಾವ ಮೆರವಣಿಗೆಯಲ್ಲೂ ಕಂಡಿಲ್ಲ.

ಅವರಲ್ಲಿ ಇಲಾರಿಯಾ ತಿಕೋನಾ ಒಬ್ಬಳು. ಬಸ್ಸುಗಳ ಅಡ್ಡೆಯ ಹಿಂದಿನ ಬಾರೊಂದರಲ್ಲಿ ಗಂಡಸರಿಗೆ ಮೈ ಕೊಡುವುದು ಅವಳ ಕೆಲಸ. ಆ ಕೆಲಸ ನಮ್ಮಲ್ಲಿ ಅಪರಾಧವಲ್ಲ. ಆದರೆ ಹೆಸರು ನೋಂದಾಯಿಸಬೇಕು, ಫೋಟೊ ಅಂಟಿಸಿದ ಆರೋಗ್ಯ ಕಾರ್ಡು ಇಟ್ಟುಕೊಳ್ಳಬೇಕು, ವಾರವಾರ ತಪಾಸಣೆ ಮಾಡಿಸಿ ಅದಕ್ಕೆ ಮುದ್ರೆ ಹಾಕಿಸಬೇಕು. ಮುದ್ರೆ ತಪ್ಪಿದ ವಾರ ಪೊಲೀಸರು ಬಾರಿಗೆ ನುಗ್ಗಿದರೆ ನೇರ ಲಾಕಪ್ಪು. ಅವಳ ಹತ್ತಿರ ಬರುವ ಗಂಡಸಿಗೆ ಮಾತ್ರ ಕಾರ್ಡೂ ಇಲ್ಲ, ಮುದ್ರೆಯೂ ಇಲ್ಲ. ರೋಗವೆಲ್ಲ ಹೆಂಗಸಿನ ಹೊಟ್ಟೆಯಲ್ಲೇ ಹುಟ್ಟುತ್ತದೆಂದು ಕಾನೂನು ಬರೆದವನಿಗೆ ಯಾರು ಹೇಳಿದರೋ.

ಇಲಾರಿಯಾ ಇರುವ ಕೇರಿಯವರಿಗೆ ಅವಳು ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ನಿಜ ಗೊತ್ತಾದರೆ ಏನಾಗುತ್ತದೆಂದು ಅವಳು ಪಕ್ಕದ ಕೇರಿಯಲ್ಲಿ ನೋಡಿದ್ದಳು. ಇದೇ ಕೆಲಸದ ಒಬ್ಬಳ ಹಾಸಿಗೆ, ಬಟ್ಟೆ, ಒಲೆ ಎಲ್ಲ ಬೀದಿಗೆ ಬಿದ್ದು ಉರಿದಿದ್ದವು. ಬೆಂಕಿ ಹಚ್ಚಿದವರಲ್ಲಿ ಆ ಹೆಂಗಸಿನ ಗಿರಾಕಿಗಳೂ ಇದ್ದರು.

ಆಸ್ಪತ್ರೆಯಲ್ಲಿ ಮೊದಲು ಕಾರ್ಡಿನವರಿಗೆ ಹಿಂದಿನ ಬಾಗಿಲಿತ್ತು. ಗೋಡೆ ಕುಸಿದು ಅದನ್ನು ಮುಚ್ಚಿದ ಮೇಲೆ ಬಾಣಂತಿಯರ ಜೊತೆ ಒಂದೇ ಸಾಲು. ಬೆನ್ನ ಮೇಲೆ ಮಗು ಇಲ್ಲದವಳು ಯಾರೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಇಲಾರಿಯಾ ಆಗೊಂದು ಉಪಾಯ ಮಾಡಿದಳು. ಬಣ್ಣದ ಪಟ್ಟೆಯ ಆವಾಯೋ ಬಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ ತುಂಬಿ, ಮೇಲೊಂದು ಉಣ್ಣೆ ಟೋಪಿ ಸಿಕ್ಕಿಸಿ, ಎಲ್ಲ ತಾಯಂದಿರಂತೆ ಬೆನ್ನಿಗೆ ಕಟ್ಟಿಕೊಂಡು ಬಂದಳು.

"ಏನೇ, ಮಗು ಅಳೋದೇ ಇಲ್ವಲ್ಲ?" ಅಂದೆ.

"ಬೆಂದು ಹೋಗಿದೆ ಕಣಕ್ಕ, ಹ್ಯಾಗೆ ಅಳುತ್ತೆ? ಬೆನ್ನಿಗೆ ಬಿಸಿ, ಮಧ್ಯಾಹ್ನಕ್ಕೆ ಊಟ. ಯಾವ ಮಗ ಇಷ್ಟು ಮಾಡ್ತಾನೆ ಹೇಳು."

ತಿಂಗಳೊಳಗೆ ಕಾರ್ಡಿನವರೆಲ್ಲ ಹೆತ್ತರು. ನಾನು ಆಪಿ ಸುರಿಯುತ್ತ ನಗು ತಡೆಯುತ್ತಿದ್ದೆ.

ಒಂದು ಮಂಗಳವಾರ ಗುಮೆರ್ಸಿಂದಾ ಮೊಮ್ಮಗಳಿಗೆ ಚುಚ್ಚುಮದ್ದು ಹಾಕಿಸಲು ಬಂದಳು. ಇಲಾರಿಯಾಳ ಕೇರಿಯ ಸಂಘದ ಕಾರ್ಯದರ್ಶಿ ಅವಳು. ಅಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎಂಬುದು ಅವಳ ಬಾಯಲ್ಲಿತ್ತು.

"ಇಲಾರಿಯಾ! ನಿಂಗೆ ಮಗು ಇದ್ಯಾ? ಒಂದಿನಾನೂ ಕಣ್ಣಿಗೆ ಬಿದ್ದಿಲ್ವಲ್ಲೇ!"

"ಹಳ್ಳೀಲಿ ಅಮ್ಮನ ಹತ್ರ ಇರುತ್ತಮ್ಮ. ಎದೆ ವೀಕು, ಅದಕ್ಕೆ ಇಲ್ಲಿಗೆ ತರ್ತೀನಿ. ಮುಟ್ಬೇಡಿ, ಈಗ ತಾನೆ ನಿದ್ದೆ."

"ಮೊದಲ ಕೂದಲು ತೆಗೆಸಿದ್ದೀಯಾ? ಇಲ್ವಾ? ನಾನೇ ಕತ್ತರಿಸ್ತೀನಿ. ಇನ್ಮೇಲೆ ನಾನು ನಿಂಗೆ ಕೊಮಾದ್ರೆ."

ಮಗುವಿನ ಮೊದಲ ಕೂದಲಿಗೆ ಕತ್ತರಿ ಹಾಕಿದವಳು ಅದಕ್ಕೆ ಎರಡನೇ ತಾಯಿ, ಹೆತ್ತವಳಿಗೆ ಕೊಮಾದ್ರೆ. ಅಕ್ಕತಂಗಿಯರಿಗಿಂತ ಗಟ್ಟಿ ನಂಟು. ತಾನಾಗಿ ಕೇಳಿದವಳಿಗೆ ಬೇಡವೆಂದರೆ ಮುಖಕ್ಕೆ ಉಗಿದಂತೆ. ಇಲಾರಿಯಾ ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಏನೇನೋ ನೆಪ ಹೇಳಿ ದಿನ ದೂಡಿದಳು: ಮಗುವಿಗೆ ಜ್ವರ, ಅಮ್ಮ ಊರಲ್ಲಿಲ್ಲ, ಬಿತ್ತನೆ ಕಾಲ.

ಕುಣಿದು ಕುಡಿಯುವ ಕಾರ್ನಿವಲ್ ಹಬ್ಬ ಹತ್ತಿರ ಬಂತು. ಆ ವಾರ ಪೊಲೀಸರು ಬಾರುಗಳನ್ನು ಜಾಲಾಡುತ್ತಾರೆಂಬುದು ಎಲ್ಲರಿಗೂ ಗೊತ್ತು, ಮುದ್ರೆ ಇಲ್ಲದಿದ್ದರೆ ಆಗದು. ಇಲಾರಿಯಾ ಸಾಲಿನಲ್ಲಿ ನಿಂತಿದ್ದಳು. ಗುಮೆರ್ಸಿಂದಾ ಹುಡುಕಿಕೊಂಡು ಬಂದೇಬಿಟ್ಟಳು. ಕೈಯಲ್ಲಿ ರಿಬ್ಬನ್ ಕಟ್ಟಿದ ಕತ್ತರಿ, ಕೂದಲು ಇಡಲು ಹೊಸ ತಟ್ಟೆ.

"ನಿಮ್ಮಮ್ಮ ಬರೋಗಂಟ ಕಾದ್ರೆ ಮಗುಗೆ ಮೀಸೆ ಬರುತ್ತೆ. ಇಲ್ಲೇ ಒಂದು ಎಳೆ ಕತ್ತರಿಸ್ತೀನಿ. ತಿರುಗು."

ಅಷ್ಟರಲ್ಲಿ ಹೊಸ ನರ್ಸು ಬಾಗಿಲಿಗೆ ಬಂದು ಕೂಗಿದಳು: "ತಾಯಂದ್ರು ಬಲಕ್ಕೆ! ಕಾರ್ಡಿನವರು ಎಡಕ್ಕೆ!"

ಸಾಲು ಅಲುಗಲಿಲ್ಲ. ಬಲಕ್ಕೆ ಹೋದರೆ ಮುದ್ರೆ ಇಲ್ಲ, ಎಡಕ್ಕೆ ಹೋದರೆ ಮನೆ ಇಲ್ಲ. ಇಲಾರಿಯಾ ನನ್ನ ಮುಖ ನೋಡಿದಳು. ಲಾಠಿ ಎದುರು ಹೇಗೆ ನಿಲ್ಲಬೇಕೆಂದು ಹೇಳಬಲ್ಲೆ. ನೆರೆಯವಳ ಎದುರು ಹೇಗೆ ನಿಲ್ಲಬೇಕೆಂದು ನನಗೆ ಯಾವ ಸಂಘವೂ ಕಲಿಸಿರಲಿಲ್ಲ.

ಅವಳು ಎದೆಯ ಗಂಟು ಬಿಚ್ಚಿದಳು. ಆವಾಯೋವನ್ನು ನೆಲದ ಮೇಲೆ ಹಾಸಿದಳು. ಟೋಪಿ ಒಂದು ಕಡೆ, ಹಬೆಯಾಡುವ ಆಲೂಗಡ್ಡೆ ಒಂದು ಕಡೆ.

"ನನ್ನ ಮಗು ಇದೇ ಕಣಮ್ಮ. ಕಾರ್ಡು ಇಲ್ಲಿದೆ, ನೋಡಿ. ಕೂತ್ಕೊಂಡು ಊಟ ಮಾಡಿ."

ನಮ್ಮಲ್ಲಿ ನೆಲಕ್ಕೆ ಹಾಸಿದ ಬಟ್ಟೆಯ ಸುತ್ತ ಕೂತವರು ಹಂಚಿಕೊಂಡು ತಿನ್ನುತ್ತಾರೆ, ಅಲ್ಲಿ ಯಾರನ್ನೂ ಯಾರೂ ಏಳು ಎನ್ನುವುದಿಲ್ಲ. ಹಿಂದೆ ನಿಂತ ಒಬ್ಬಳು ತನ್ನ ಗಂಟನ್ನೂ ಬಿಚ್ಚಿದಳು. ಆಮೇಲೆ ಮತ್ತೊಬ್ಬಳು. ಒಂದರಲ್ಲಿ ಬರೀ ದಿಂಬಿತ್ತು. "ಥೂ ಜಿಪುಣಿ, ತಿನ್ನೋಕಾಗೋದನ್ನ ಹೆರಬಾರದಿತ್ತಾ!" ಎಂದು ಯಾರೋ ಬೈದರು. ಬಾಣಂತಿಯರೂ ನಕ್ಕುಬಿಟ್ಟರು.

ಗುಮೆರ್ಸಿಂದಾ ನಗಲಿಲ್ಲ, ಕೂರಲೂ ಇಲ್ಲ. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ವಾಪಸು ಕೊಟ್ಟಳು. ಬಗ್ಗಿ ಒಂದು ಆಲೂಗಡ್ಡೆ ತೆಗೆದುಕೊಂಡು, ಉಗುರಿನಿಂದ ಸಿಪ್ಪೆ ಸುಲಿದು, ನಿಂತೇ ತಿಂದಳು.

"ಖಾರ ಇಲ್ಲ," ಅಂದಳು. ಕತ್ತರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟಳು.

ಇಲಾರಿಯಾ ಎಡಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡಳು. ಮನೆಗೆ ಹೋಗಿ ಹಾಸಿಗೆ ಸುತ್ತಿಟ್ಟು ಕಾದಳು.

ಭಾನುವಾರ ಕೇರಿಯ ಸಭೆ. ಒಬ್ಬ ಗಂಡಸು ಎದ್ದು, ಕೊನೆಯ ಮನೆಯ ಇಲಾರಿಯಾ ಎಲ್ಲಿ ದುಡಿಯುತ್ತಾಳೆ ಎಂದು ಕೇಳಿದನಂತೆ. ಗುಮೆರ್ಸಿಂದಾ ತಲೆ ಎತ್ತದೆ ಹೇಳಿದಳಂತೆ: "ಪಾತ್ರೆ ತೊಳೀತಾಳೆ. ನಾನೇ ನೋಡಿದ್ದೀನಿ. ನೀನು ಬೇರೆ ಎಲ್ಲಾದ್ರೂ ನೋಡಿದ್ರೆ ನಿನ್ನ ಹೆಂಡ್ತಿ ಎದುರಿಗೆ ಹೇಳು." ಅವನು ಕೂತ.

ಕಾನೂನು ಇದ್ದ ಹಾಗೇ ಇದೆ. ಗುಮೆರ್ಸಿಂದಾ ಇವತ್ತಿಗೂ ಇಲಾರಿಯಾಳನ್ನು ಮಾತಾಡಿಸುವುದಿಲ್ಲ. ಸುಳ್ಳು ಮೊದಲು ಒಬ್ಬಳ ಬೆನ್ನ ಮೇಲಿತ್ತು, ಈಗ ಇಬ್ಬರ ಮೇಲಿದೆ. ಗೆಲುವು ಅಂತ ನಾನು ಅದನ್ನು ಕರೆಯುವುದಿಲ್ಲ. ಗೆಲುವು ಅಂತ ಕರೆದು ಮೋಸಹೋದದ್ದು ಸಾಕಷ್ಟಿದೆ. ಆದರೆ ಹಾಸಿಗೆ ಮತ್ತೆ ಬಿಚ್ಚಿಕೊಂಡಿತು.

ಮುಂದಿನ ಮಂಗಳವಾರ ಇಲಾರಿಯಾ ಬೆನ್ನ ಮೇಲೆ ಗಂಟಿಲ್ಲದೆ ಬಂದು ಎಡದ ಸಾಲಿನಲ್ಲಿ ನಿಂತಳು.

"ಮಗು ಎಲ್ಲೇ?" ಅಂದೆ.

"ದೊಡ್ಡವನಾದ, ಬಿಟ್ಟು ಹೋದ. ಬೆನ್ನಿಗೆ ಚಳಿ ಹೊಡೀತಿದೆ ಕಣಕ್ಕ, ಇನ್ನೊಂದು ಲೋಟ ಹಾಕು."