ಲಿಫ್ಟಿಗೆ ಜ್ವರ, ಗುಮಾಸ್ತನಿಗೆ ಬರೆ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರಿನ ಫೋನ್ ಎತ್ತುವ ಅವನಿಗೆ ಜೊತೆಯವರು ಇಟ್ಟ ಹೆಸರು ‘ಬೆಣ್ಣೆ’. ಆರು ವರ್ಷಗಳಲ್ಲಿ ಅವನು ಮಾಡಿದ ಘನಕಾರ್ಯ ಇಷ್ಟೇ: “ಇವತ್ತೇ ಸರಿಹೋಗುತ್ತೆ” ಎಂದು ಬೆಣ್ಣೆ ಹಚ್ಚುವುದು, ಕೊನೆಗೆ “ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ?” ಎಂದು ಕೇಳುವುದು. ಲಿಫ್ಟಿನೊಳಗೆ ಏನಿರುತ್ತದೆ ಎಂದರೆ ‘ಜನ’ ಎನ್ನುವಷ್ಟು ಅವನ ಜ್ಞಾನ.

ಒಂದು ಮಧ್ಯಾಹ್ನ ಆ ಬೆಣ್ಣೆ ಕುದಿಯಿತು. ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯ ನಿವೃತ್ತ ಟೀಚರಮ್ಮ ಎರಡು ತಿಂಗಳಲ್ಲಿ ನಲವತ್ತನೇ ಸಲ ಫೋನ್ ಮಾಡಿ, ಲಿಫ್ಟಿನ ಬಾಗಿಲು ಮುಚ್ಚುತ್ತಿಲ್ಲ, ಮಂಡಿ ನೋವು ಎಂದಾಗ, “ಹಾಗಾದ್ರೆ ಕೆಳಗಡೆ ಮನೆ ಮಾಡಿ!” ಎಂದು ಗಂಟಲು ಹರಿದುಕೊಂಡ. ಮೆಕ್ಯಾನಿಕ್ ಮಹಾಶಯನೋ, ದಿನಾ ಬೆಳಿಗ್ಗೆ ಎಂಟಕ್ಕೇ ಹೋಗಿ ಗುಂಡಿ ಒತ್ತಿ, ‘ಎಲ್ಲ ಸರಿಯಿದೆ’ ಎಂದು ಬರೆದು ಬರುತ್ತಿದ್ದ. ಆದರೆ ರೆಕಾರ್ಡ್ ಆದದ್ದು ಬೆಣ್ಣೆಯ ಕೂಗು.

“ಎರಡು ಸಲ ಕೌನ್ಸೆಲಿಂಗಿಗೆ ಹೋಗು. ಸುಧಾರಿಸಿದ್ದಾನೆ ಅಂತ ಸಹಿ ತಾ. ಇಲ್ಲಾಂದ್ರೆ ಮನೆಗೆ ಹೋಗು,” ಎಂದರು ಮ್ಯಾನೇಜರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸಲಹೆಗಾರ್ತಿಯ ಕೋಣೆಯಲ್ಲಿ ಎರಡು ಮೆತ್ತನೆ ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ. ಅದಕ್ಕೂ ಯಾರೋ ನೀರು ಹಾಕಿದ್ದರು.

“ಇಲ್ಲಿ ಸಮಸ್ಯೆ ಮಾತು ಬೇಡ, ಪರಿಹಾರ ಮಾತ್ರ. ನೀವು ಮಲಗಿದ್ದಾಗ ಒಂದು ಪವಾಡ ಆಗಿ ಕಷ್ಟ ಎಲ್ಲ ಮಾಯ ಆಯ್ತು ಅಂದ್ಕೊಳ್ಳಿ. ಎದ್ದಾಗ ಮೊದಲು ಏನು ಕಾಣುತ್ತೆ?”

“ಲಿಫ್ಟ್ ಬಾಗಿಲು ಮುಚ್ಚಿರುತ್ತೆ, ಮೇಡಂ.”

“ಲಿಫ್ಟ್ ಬಿಡಿ. ನಿಮಗೆ ಸಿಟ್ಟೇ ಬರದೆ ಇದ್ದದ್ದು ಯಾವಾಗ?”

“ಲಿಫ್ಟ್ ಓಡ್ತಿದ್ದಾಗ.”

“ನಿಮ್ಮ ಸಮಾಧಾನಕ್ಕೆ ಹತ್ತರಲ್ಲಿ ಎಷ್ಟು ಕೊಡ್ತೀರಿ?”

ಬೆಣ್ಣೆಗೆ ಮೈ ಉರಿಯಿತು. ತನ್ನ ಸರಕನ್ನೇ ತನಗೆ ಮಾರುತ್ತಿದ್ದಾಳಲ್ಲ! “ನಾಲ್ಕು,” ಎಂದ.

“ತುಂಬಾ ಒಳ್ಳೇದು! ಐದಾಗೋಕೆ ಏನು ಬೇಕು? ಏಳಾದ್ರೆ ಸಹಿ ಹಾಕ್ತೀನಿ. ಅಲ್ಲಿವರೆಗೆ ಒಂದು ಕೆಲಸ: ಏನು ಕೆಟ್ಟಿದೆ ಅಂತ ನೋಡ್ಬೇಡಿ, ಯಾವಾಗ ಚೆನ್ನಾಗಿರುತ್ತೆ ಅಂತ ನೋಡಿ.”

ಇದಕ್ಕೊಂದು ಪದವಿ ಬೇರೆ ಎಂದು ಗೊಣಗುತ್ತ ಇಳಿದು ಬಂದ. ಮರುದಿನ ಟೀಚರಮ್ಮನ ಫೋನ್ ಬಂದಾಗ, ಬೇಕೆಂದೇ ಅದೇ ಪ್ರಶ್ನೆ ಎಸೆದ: “ಟೀಚರಮ್ಮಾ, ನಿಮ್ಮ ಲಿಫ್ಟ್ ಯಾವಾಗ ಚೆನ್ನಾಗಿರುತ್ತೆ?”

ಟೀಚರಮ್ಮ ದನಿ ಏರಿಸಿದರು.

“ಎರಡು ತಿಂಗಳಾದ್ಮೇಲೆ ಈಗ ಕೇಳೋಕೆ ಬಾಯಿ ಬಂತಾ ನಿಂಗೆ? ಬೆಳಿಗ್ಗೆಯೆಲ್ಲ ಚೆನ್ನಾಗೇ ಇರುತ್ತೆ. ಮೂರು ಗಂಟೆ ಆಯ್ತೋ, ಹಟ ಹಿಡಿಯುತ್ತೆ. ಮೋಡ ಇದ್ರೆ ಸಂಜೆವರೆಗೂ ತೊಂದ್ರೆ ಇಲ್ಲ.”

ಬೆಣ್ಣೆ ಇದನ್ನು ಹೇಳಿ ಅಟ್ಟಿದ ಮೇಲೆ ಮೆಕ್ಯಾನಿಕ್ ಬೈದುಕೊಳ್ಳುತ್ತಲೇ ಮೊದಲ ಸಲ ಮೂರು ಗಂಟೆಗೆ ಹೋದ. ಮೆಟ್ಟಿಲ ಕಿಟಕಿಯಿಂದ ಇಳಿಬಿಸಿಲು ನೇರ ಬಾಗಿಲಿನ ಸೆನ್ಸರಿಗೆ ಹೊಡೆಯುತ್ತಿತ್ತು. ಯಾರೋ ಅಡ್ಡ ನಿಂತಿದ್ದಾರೆಂದು ಬಾಗಿಲು ತೆರೆದೇ ಇರುತ್ತಿತ್ತು. ಕಿಟಕಿಗೆ ಒಂದು ಹಳೇ ಪರದೆ ಕಟ್ಟಿದ, ಮುಗಿಯಿತು. ನಲವತ್ತು ಫೋನ್ ಎತ್ತಿದ ಬುದ್ಧಿವಂತನಿಗೆ ಒಮ್ಮೆಯೂ ಹೊಳೆಯದ ಪ್ರಶ್ನೆ ಪ್ಲಾಸ್ಟಿಕ್ ಗಿಡದ ಪಕ್ಕ ಪುಕ್ಕಟೆ ಬಿದ್ದಿತ್ತು.

ಎರಡನೇ ಸಲ ಹೋದಾಗ ಅವನೇ ಉತ್ಸಾಹದಿಂದ, “ಮೇಡಂ, ಆ ಲಿಫ್ಟ್—” ಎಂದ.

“ಲಿಫ್ಟ್ ಬೇಡ ಅಂದಿದ್ನಲ್ಲ. ಎಷ್ಟು?”

“ಏಳು.”

ಸಹಿ ಬಿತ್ತು. ಎಂಟು ಎಂದಿದ್ದರೆ ಬಡ್ತಿ ಸಿಗುತ್ತಿತ್ತೇನೋ.

ಕೆಲಸ ಉಳಿಯಿತು. ಅವತ್ತೇ ಟೀಚರಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಮುಗಿಸುವಾಗ, ಅಭ್ಯಾಸಬಲ, ಬಾಯಿ ತಾನೇ ತೆರೆಯಿತು: “ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ?”

“ನಾಲ್ಕು.”

“ಐದಾಗೋಕೆ ಏನು ಬೇಕು, ಟೀಚರಮ್ಮಾ?”

“ಎರಡು ತಿಂಗಳು ಹತ್ತಿದ ಮೆಟ್ಟಿಲು ವಾಪಸ್ ಕೊಡಪ್ಪ,” ಎಂದು ಫೋನ್ ಇಟ್ಟರು.

ಬೆಣ್ಣೆ ರಿಜಿಸ್ಟರಿನಲ್ಲಿ ‘ನಾಲ್ಕು’ ಎಂದೇ ಬರೆದ. ಆರು ವರ್ಷಗಳಲ್ಲಿ ಅವನು ತಿದ್ದದೆ ಬರೆದ ಮೊದಲ ಅಂಕಿ ಅದು.